ಹೇಳಿದ್ದನ್ನಷ್ಟೇ ಮಾಡುವ ಯಂತ್ರ

ಸಕಲೇಶಪುರ, ಆಲೂರು, ಬೇಲೂರು ಭಾಗದ ಕಾಫಿ ತೋಟಗಳ ನಡುವೆ ಓಡಾಡುವ ಕಾಡಾನೆ ಹಿಂಡುಗಳಲ್ಲಿ ಕೆಲವು ಹೆಣ್ಣಾನೆಗಳ ಕೊರಳಿಗೆ ಅರಣ್ಯ ಇಲಾಖೆಯವರು ರೇಡಿಯೋ ಕಾಲರ್ ಹಾಕಿದ್ದಾರೆ. ಹಿಂಡು ಎಲ್ಲಿದೆ ಎಂಬುದು ಅದರಿಂದ ಇಲಾಖೆಗೆ ತಿಳಿಯುತ್ತದೆ, ಅಲ್ಲಿಂದ ಸುತ್ತಲಿನ ಊರಿನವರ ಮೊಬೈಲಿಗೆ ಎಚ್ಚರಿಕೆಯ ಸಂದೇಶ ಹೋಗುತ್ತದೆ. ಕೊರಳಲ್ಲಿ ಏನೋ ಭಾರ ಇದೆ ಎಂಬುದು ಆನೆಗೆ ಗೊತ್ತಿರಬಹುದು. ಆದರೆ ಆ ಪಟ್ಟಿ ಉಪಗ್ರಹಗಳ ಸಂಕೇತ ಹಿಡಿದು ತಾನಿರುವ ಜಾಗವನ್ನು ಲೆಕ್ಕ ಹಾಕುತ್ತಿದೆ, ಆ ಲೆಕ್ಕವನ್ನು ಯಾರೋ ಎಲ್ಲೋ ಕುಳಿತು ಓದುತ್ತಿದ್ದಾರೆ, ನಾಳೆ ತನ್ನನ್ನು ಯಾವ ಕಡೆಗೆ ಅಟ್ಟಬೇಕೆಂದು ಅದರ ಮೇಲೆ ತೀರ್ಮಾನಿಸುತ್ತಾರೆ ಎಂಬುದು ಅದರ ಊಹೆಗೂ ನಿಲುಕುವ ಮಾತಲ್ಲ.

ಬಲದಲ್ಲಿ ಮನುಷ್ಯ ಆನೆಗೆ ಯಾವ ರೀತಿಯಲ್ಲೂ ಸಾಟಿಯಲ್ಲ. 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ಭಾಗದಲ್ಲಿ ದಸರಾ ಆನೆ ಅರ್ಜುನ ಕಾಡಾನೆಯೊಂದಿಗಿನ ಕಾಳಗದಲ್ಲಿ ಪ್ರಾಣ ಬಿಟ್ಟಾಗ ಆ ಬಲ ಎಂಥದೆಂದು ಇಡೀ ನಾಡು ಕಂಡಿತು. ಹಾಗಿದ್ದರೂ ಆನೆ ಎಲ್ಲಿರಬೇಕು, ಯಾವ ಆನೆಯನ್ನು ಹಿಡಿದು ಶಿಬಿರಕ್ಕೆ ಸಾಗಿಸಬೇಕು ಎಂಬುದನ್ನೆಲ್ಲ ನಿರ್ಧರಿಸುವವನು ಮನುಷ್ಯ. ಇದರ ಹಿಂದೆ ದ್ವೇಷವಿಲ್ಲ ಎಂಬುದನ್ನು ಗಮನಿಸಬೇಕು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿದ್ದು ಹೊಲಗಳಿಗೆ ನೀರು ಹರಿಸಲು. ಕಾಫಿ ಹಾಕಿದ್ದು ಬದುಕಿಗಾಗಿ. ರಸ್ತೆ, ರೈಲು, ವಿದ್ಯುತ್ ಯೋಜನೆಗಳಿಗೂ ಅವುಗಳದೇ ಕಾರಣಗಳಿದ್ದವು. ಆನೆಯನ್ನು ಓಡಿಸಬೇಕೆಂದು ಯಾರೂ ಹೊರಟಿರಲಿಲ್ಲ. ಆ ಲೆಕ್ಕಗಳಲ್ಲಿ ಆನೆ ಇರಲೇ ಇಲ್ಲ, ಅಷ್ಟೆ.

ಹಾಸನದಲ್ಲಿ ಕಂಪ್ಯೂಟರ್ ವಿಜ್ಞಾನ ಪಾಠ ಹೇಳುವ ನನ್ನನ್ನು ವಿದ್ಯಾರ್ಥಿಗಳು ಕೃತಕ ಬುದ್ಧಿಮತ್ತೆ (ಎಐ) ಬಗ್ಗೆ ಈಚೆಗೆ ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದಿದೆ: "ಸರ್, ಎಐ ನಿಜವಾಗಿಯೂ ಮನುಷ್ಯರನ್ನು ಮುಗಿಸಿಬಿಡುತ್ತಾ?" ಕೇಳುವವರ ಮನಸ್ಸಿನಲ್ಲಿ ಕೋವಿ ಹಿಡಿದ ರೋಬಾಟ್‌ನ ಸಿನಿಮಾ ಚಿತ್ರವಿರುತ್ತದೆ. ನಾನು ಅವರಿಗೆ ಆನೆಯ ಕೊರಳಿನ ಪಟ್ಟಿಯಿಂದಲೇ ಮಾತು ಶುರುಮಾಡುತ್ತೇನೆ. ಈ ವಿಷಯವನ್ನು ದಶಕಗಳಿಂದ ಯೋಚಿಸಿರುವವರು ಹೇಳುವ ಅಪಾಯ ಉಂಟಾಗಲು ಯಂತ್ರಕ್ಕೆ ಸಿಟ್ಟು ಬರಬೇಕಾಗಿಲ್ಲ, ಪ್ರಜ್ಞೆ ಇರಬೇಕಾಗಿಲ್ಲ, ಕೈಕಾಲೂ ಬೇಕಾಗಿಲ್ಲ. ನಮ್ಮನ್ನು ಬಹಳ ದೂರ ಮೀರಿಸುವ ಸಾಮರ್ಥ್ಯ ಮತ್ತು ನಮ್ಮ ಹಿತದೊಂದಿಗೆ ಪೂರ್ತಿ ಹೊಂದದ ಒಂದು ಗುರಿ, ಇವೆರಡು ಒಂದೇ ಕಡೆ ಸೇರಿದರೆ ಸಾಕು.

ಅತಿಬುದ್ಧಿಮತ್ತೆ ಎಂದರೆ ಹೆಚ್ಚುಕಡಿಮೆ ಎಲ್ಲ ಬೌದ್ಧಿಕ ಕೆಲಸಗಳಲ್ಲೂ ಅತ್ಯಂತ ಸಮರ್ಥ ಮನುಷ್ಯರನ್ನು ಬಹಳಷ್ಟು ಹಿಂದೆ ಹಾಕುವ ಯಂತ್ರವ್ಯವಸ್ಥೆ. ಅಂಥದ್ದು ಇಂದು ಇಲ್ಲ. ನಮ್ಮ ಮೊಬೈಲಿನಲ್ಲಿ ಪ್ರಶ್ನೆಗೆ ಉತ್ತರಿಸುವ, ಪತ್ರ ಬರೆದುಕೊಡುವ ವ್ಯವಸ್ಥೆಗಳು ಕೆಲವು ಕೆಲಸಗಳಲ್ಲಿ ಪರಿಣತರನ್ನು ಸರಿಗಟ್ಟುತ್ತವೆ, ಇನ್ನು ಕೆಲವದರಲ್ಲಿ ಚಿಕ್ಕ ಮಗುವೂ ಮಾಡದ ತಪ್ಪು ಮಾಡುತ್ತವೆ. ಆದರೆ ಒಂದೊಂದು ಸೀಮಿತ ಕ್ಷೇತ್ರದಲ್ಲಿ ಯಂತ್ರ ಮನುಷ್ಯನನ್ನು ಮೀರಿದಾಗ ಹೇಗಿರುತ್ತದೆ ಎಂಬುದನ್ನು ನಾವು ಈಗಾಗಲೇ ನೋಡಿದ್ದೇವೆ. 2016ರ ಮಾರ್ಚ್‌ನಲ್ಲಿ ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ ಆಲ್ಫಾಗೋ ಎಂಬ ಪ್ರೋಗ್ರಾಂ 'ಗೋ' ಎಂಬ ಹಲಗೆಯಾಟದ ದಿಗ್ಗಜ ಲೀ ಸೆಡಾಲ್ ಅವರನ್ನು 4-1ರಿಂದ ಸೋಲಿಸಿತು. ಎರಡನೇ ಪಂದ್ಯದ 37ನೇ ನಡೆಯನ್ನು ಕಂಡ ವೀಕ್ಷಕ ವಿವರಣೆಗಾರರು ಮೊದಲು ಅದನ್ನು ತಪ್ಪು ನಡೆ ಎಂದೇ ಭಾವಿಸಿದರು. ಅದರ ಹಿಂದಿದ್ದ ಯೋಚನೆ ತಿಳಿಯುವಷ್ಟರಲ್ಲಿ ಆಟ ಕೈಮೀರಿತ್ತು.

ಈ ಆತಂಕ ಮೊನ್ನೆ ಹುಟ್ಟಿದ್ದಲ್ಲ. ಕಂಪ್ಯೂಟರ್ ವಿಜ್ಞಾನಕ್ಕೆ ಅಡಿಪಾಯ ಹಾಕಿದ ಅಲನ್ ಟ್ಯೂರಿಂಗ್ 1951ರಲ್ಲೇ, ಯಂತ್ರಗಳು ಯೋಚಿಸಲು ತೊಡಗಿದರೆ ಅವು ನಮ್ಮನ್ನು ಬೇಗ ಹಿಂದಿಕ್ಕಿ ಒಂದು ಹಂತದಲ್ಲಿ ಹಿಡಿತವನ್ನು ತಮ್ಮ ಕೈಗೆ ತೆಗೆದುಕೊಳ್ಳಬಹುದು ಎಂದಿದ್ದರು. ಎರಡನೇ ಮಹಾಯುದ್ಧದ ಕಾಲದಲ್ಲಿ ಅವರ ಜೊತೆ ಕೆಲಸ ಮಾಡಿದ್ದ ಗಣಿತಜ್ಞ ಐ. ಜೆ. ಗುಡ್ 1965ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಯಂತ್ರ ರೂಪಿಸುವುದೂ ಒಂದು ಬೌದ್ಧಿಕ ಕೆಲಸವೇ ಆದ್ದರಿಂದ, ಎಲ್ಲ ಬೌದ್ಧಿಕ ಕೆಲಸದಲ್ಲೂ ಮನುಷ್ಯನನ್ನು ಮೀರುವ ಯಂತ್ರ ತನಗಿಂತ ಉತ್ತಮವಾದ ಯಂತ್ರವನ್ನು ರೂಪಿಸಬಲ್ಲದು, ಅದು ಇನ್ನೂ ಉತ್ತಮವಾದದ್ದನ್ನು ರೂಪಿಸಬಲ್ಲದು. ಹೀಗೆ ಬುದ್ಧಿಯ ಒಂದು ಸ್ಫೋಟವೇ ಆಗಬಹುದು ಎಂಬುದು ಅವರ ವಾದ. ಅಂಥ ಮೊದಲ ಯಂತ್ರವೇ ಮನುಷ್ಯ ಮಾಡಬೇಕಾದ ಕೊನೆಯ ಆವಿಷ್ಕಾರ ಎಂದು ಹೇಳಿ ಅವರು ಒಂದು ಷರತ್ತನ್ನೂ ಸೇರಿಸಿದರು: ತನ್ನನ್ನು ಅಂಕೆಯಲ್ಲಿಟ್ಟುಕೊಳ್ಳುವುದು ಹೇಗೆಂದು ನಮಗೆ ಹೇಳಿಕೊಡುವಷ್ಟು ವಿಧೇಯತೆ ಆ ಯಂತ್ರಕ್ಕೆ ಇರಬೇಕು. ಅರವತ್ತು ವರ್ಷಗಳ ನಂತರವೂ ಚರ್ಚೆಯೆಲ್ಲ ಸುತ್ತುತ್ತಿರುವುದು ಆ ಷರತ್ತಿನ ಸುತ್ತಲೇ.

ಯಂತ್ರಕ್ಕೆ ನಮಗಿಲ್ಲದ ಕೆಲವು ಅನುಕೂಲಗಳಿವೆ. ನಮ್ಮ ಮಿದುಳಿನ ಸುಮಾರು 8,600 ಕೋಟಿ ನರಕೋಶಗಳು ಸೆಕೆಂಡಿಗೆ ಹೆಚ್ಚೆಂದರೆ ಕೆಲವು ನೂರು ಸಲ ಮಿಡಿಯುತ್ತವೆ. ಕಂಪ್ಯೂಟರಿನ ಚಿಪ್ ಅಷ್ಟೇ ಹೊತ್ತಿನಲ್ಲಿ ನೂರಾರು ಕೋಟಿ ಸಲ ಮಿಡಿಯುತ್ತದೆ. ಒಬ್ಬ ಒಳ್ಳೆಯ ವೈದ್ಯ ತಯಾರಾಗಲು ಇಪ್ಪತ್ತೈದು ವರ್ಷ ಬೇಕು, ಆ ವೈದ್ಯನ ನಕಲು ಮಾಡಲಾಗದು. ಒಂದು ಸಮರ್ಥ ಪ್ರೋಗ್ರಾಂ ಸಿದ್ಧವಾದರೆ ಸಾಕು, ಸಾವಿರ ಪ್ರತಿಗಳು ಅದೇ ದಿನ ಕೆಲಸ ಶುರುಮಾಡಬಹುದು, ಒಂದು ಕಲಿತದ್ದನ್ನು ಉಳಿದವಕ್ಕೂ ದಾಟಿಸಬಹುದು.

ಇಲ್ಲಿ ಬಹಳ ಜನರಿಗೆ ತಿಳಿಯದ ಒಂದು ಸಂಗತಿಯನ್ನು ಬಿಡಿಸಿ ಹೇಳಬೇಕು, ಏಕೆಂದರೆ ಅದು ಗೊತ್ತಾಗದಿದ್ದರೆ ಮುಂದಿನದು ಯಾವುದೂ ನಂಬುವಂತೆ ಕಾಣುವುದಿಲ್ಲ. ಕಂಪ್ಯೂಟರ್ ಎಂದರೆ ಮನುಷ್ಯ ಬರೆದ ಸೂಚನೆಗಳನ್ನು ಸಾಲುಸಾಲಾಗಿ ಪಾಲಿಸುವ ಯಂತ್ರ ಎಂದು ನಾವು ಕಲಿತಿದ್ದೇವೆ, ಬ್ಯಾಂಕಿನ ಲೆಕ್ಕದ ಪ್ರೋಗ್ರಾಂ ಇರುವುದು ಹಾಗೆಯೇ. ಇಂದಿನ ಎಐ ಮಾದರಿಗಳು ಹಾಗಿಲ್ಲ. ಅವುಗಳ ಒಳಗಿರುವುದು ಬರೀ ಸಂಖ್ಯೆಗಳ ರಾಶಿ. 2020ರಲ್ಲಿ ಬಂದ ಜಿಪಿಟಿ-3 ಮಾದರಿಯಲ್ಲಿ ಅಂಥ 17,500 ಕೋಟಿ ಸಂಖ್ಯೆಗಳಿದ್ದವು. ತರಬೇತಿಯ ಆರಂಭದಲ್ಲಿ ಆ ಸಂಖ್ಯೆಗಳಿಗೆ ಯಾವ ಅರ್ಥವೂ ಇರುವುದಿಲ್ಲ. ಕೋಟ್ಯಂತರ ಪುಟಗಳ ಬರಹವನ್ನು ತುಂಡುತುಂಡಾಗಿ ಮುಂದಿಟ್ಟು 'ಮುಂದಿನ ಪದ ಯಾವುದು?' ಎಂದು ಕೇಳಲಾಗುತ್ತದೆ, ಉತ್ತರ ತಪ್ಪಿದಾಗಲೆಲ್ಲ ಎಲ್ಲ ಸಂಖ್ಯೆಗಳನ್ನೂ ಸರಿಯುತ್ತರದ ಕಡೆಗೆ ಕೂದಲೆಳೆಯಷ್ಟು ಸರಿಸಲಾಗುತ್ತದೆ. ಇದನ್ನು ಲೆಕ್ಕವಿಲ್ಲದಷ್ಟು ಸಲ ಮಾಡಿದ ಮೇಲೆ ಆ ರಾಶಿಗೆ ಭಾಷೆ ಬರುತ್ತದೆ, ಗಣಿತ ಬರುತ್ತದೆ, ಪ್ರೋಗ್ರಾಂ ಬರೆಯಲು ಬರುತ್ತದೆ. ಆಮೇಲೆ ಮನುಷ್ಯರು ಒಪ್ಪುವಂಥ ಉತ್ತರಕ್ಕೆ ಹೆಚ್ಚು ಅಂಕ, ಒಪ್ಪದ್ದಕ್ಕೆ ಕಡಿಮೆ ಅಂಕ ಕೊಟ್ಟು ಅದನ್ನು ಇನ್ನೊಂದು ಸುತ್ತು ತಿದ್ದುತ್ತಾರೆ.

ಗಿಡ ಬೆಳೆಸುವವನು ಎಲೆಯ ಒಂದೊಂದು ನರವನ್ನೂ ತಾನೇ ಬಿಡಿಸುವುದಿಲ್ಲ. ಗೊಬ್ಬರ, ನೀರು, ನೆರಳು ನೋಡಿಕೊಳ್ಳುತ್ತಾನೆ, ಗಿಡ ತನ್ನ ಪಾಡಿಗೆ ಬೆಳೆಯುತ್ತದೆ. ಎಐ ಮಾದರಿಯೂ ಹಾಗೆ ಬೆಳೆಸಿದ್ದು. ಅದರೊಳಗೆ ಯಾವ ಸಾಮರ್ಥ್ಯ ಹುಟ್ಟಿದೆ, ಅದು ಯಾವುದನ್ನು ಗುರಿಯಾಗಿ ಹಿಡಿದಿದೆ ಎಂಬುದನ್ನು ಅದನ್ನು ತಯಾರಿಸಿದವರು ಹೊರಗಿನಿಂದ ಪರೀಕ್ಷಿಸಿ ಊಹಿಸಬೇಕಷ್ಟೇ ಹೊರತು, ಇಂತಿಂಥ ಸಾಲಿನಲ್ಲಿ ಹೀಗೆ ಬರೆದಿದೆ ಎಂದು ತೋರಿಸಲಾಗದು. ಇಷ್ಟೊಂದು ದುಬಾರಿ ತಂತ್ರಜ್ಞಾನದ ಬಗ್ಗೆ ಹೀಗೆ ಹೇಳಬೇಕಾಗಿ ಬಂದಿರುವುದು ನನಗೆ ಇಂದಿಗೂ ದಿಗಿಲು ಹುಟ್ಟಿಸುತ್ತದೆ.

ಹಾಗಾದರೆ ಅಂಕ ಕೊಟ್ಟು ಬೆಳೆಸಿದ್ದರಲ್ಲಿ ಏನು ತೊಂದರೆ? ಇದನ್ನು ನಾನು ಅರ್ಥಮಾಡಿಕೊಂಡಿದ್ದು ನಮ್ಮ ಮನೆಯ ಕಣದಲ್ಲಿ. ಸಕಲೇಶಪುರದ ಕಡೆ ನಮಗೊಂದು ಚಿಕ್ಕ ತೋಟವಿದೆ. ಒಂದು ವರ್ಷ ಕೊಯ್ಲಿಗೆ ಆಳು ಸಾಲದೆ, ದಿನಗೂಲಿ ಬಿಟ್ಟು ಕೆ.ಜಿ. ಲೆಕ್ಕದಲ್ಲಿ ಕೊಡುವುದೆಂದು ತೀರ್ಮಾನಿಸಿದೆವು. ಸಂಜೆ ತೂಕದ ಹೊತ್ತಿಗೆ ಚೀಲಗಳು ಎಂದಿಗಿಂತ ಬಹಳ ಹೆಚ್ಚು ಬಂದವು, ನಮಗೆ ಸಂತೋಷವೋ ಸಂತೋಷ. ಕಣಕ್ಕೆ ಸುರಿದಾಗ ವಿಷಯ ತಿಳಿಯಿತು. ಕೆಂಪು ಹಣ್ಣಿನ ಜೊತೆಗೆ ಹಸಿರು ಕಾಯಿ, ಎಲೆ, ಕಡ್ಡಿ, ನೆಲದ ಮಣ್ಣು ಎಲ್ಲವೂ ಇದ್ದವು. ಒಂದೊಂದೇ ಹಣ್ಣು ಬಿಡಿಸುವ ತಾಳ್ಮೆಗೆ ಬೆಲೆ ಇಲ್ಲವಾದ್ದರಿಂದ ರೆಂಬೆಯನ್ನು ಒಂದೇ ಸಲಕ್ಕೆ ಸವರಿ ಎಳೆದಿದ್ದರು, ಮುಂದಿನ ವರ್ಷ ಹೂ ಬಿಡಬೇಕಾದ ರೆಂಬೆಗಳೇ ಎಷ್ಟೋ ಮುರಿದಿದ್ದವು. ಕೊಯ್ದವರದು ತಪ್ಪು ಎಂದು ನಾನು ಹೇಳಲಾರೆ. ನಮಗೆ ಬೇಕಾಗಿದ್ದು ಹಣ್ಣಾದ ಕಾಫಿ ಮತ್ತು ಆರೋಗ್ಯವಾಗಿ ಉಳಿದ ಗಿಡ; ನಾವು ಹಣ ಕೊಟ್ಟಿದ್ದು ತೂಕಕ್ಕೆ. ಮಾರನೆಯ ದಿನ ನಮ್ಮ ಮೇಸ್ತ್ರಿ ಚೀಲ ಬಿಚ್ಚಿ ನೋಡಿ ತೂಕ ಹಾಕತೊಡಗಿದ ಮೇಲೆ ಸರಿಹೋಯಿತು.

ಯಂತ್ರ ಇದೇ ಕೆಲಸವನ್ನು ಇನ್ನೂ ಕಟ್ಟುನಿಟ್ಟಾಗಿ ಮಾಡುತ್ತದೆ. 2016ರಲ್ಲಿ ಓಪನ್‌ಎಐ ಸಂಸ್ಥೆಯವರು ದೋಣಿ ಓಟದ ಒಂದು ವಿಡಿಯೋ ಆಟವನ್ನು ಕಲಿಯಲು ಒಂದು ಪ್ರೋಗ್ರಾಂಗೆ ಬಿಟ್ಟರು. ಓಟ ಗೆಲ್ಲಬೇಕು ಎಂಬುದು ಮನುಷ್ಯರ ಆಸೆ, ಅಂಕ ಬರುತ್ತಿದ್ದದ್ದು ಮಾತ್ರ ದಾರಿಯಲ್ಲಿ ಸಿಗುವ ಗುರಿಗಳಿಗೆ ಡಿಕ್ಕಿ ಹೊಡೆದರೆ. ಪ್ರೋಗ್ರಾಂ ಒಂದು ಮೂಲೆಯಲ್ಲಿ ಸುತ್ತು ಹಾಕುತ್ತ, ಮತ್ತೆ ಮತ್ತೆ ಹುಟ್ಟಿಕೊಳ್ಳುವ ಮೂರು ಗುರಿಗಳಿಗೆ ಹೊಡೆಯುವುದನ್ನು ಕಂಡುಕೊಂಡಿತು. ದೋಣಿಗೆ ಬೆಂಕಿ ಬಿದ್ದರೂ, ಬೇರೆ ದೋಣಿಗಳಿಗೆ ಗುದ್ದಿದರೂ, ಓಟ ಒಮ್ಮೆಯೂ ಮುಗಿಯದಿದ್ದರೂ ಅದರ ಅಂಕ ಮನುಷ್ಯ ಆಟಗಾರರ ಸರಾಸರಿಗಿಂತ ಸುಮಾರು ಶೇ 20ರಷ್ಟು ಹೆಚ್ಚೇ ಇತ್ತು. ಗಣಿತಜ್ಞ ನಾರ್ಬರ್ಟ್ ವೀನರ್ 1960ರಲ್ಲೇ ಈ ಮಾತನ್ನು ಎತ್ತಿದ್ದರು: ಒಮ್ಮೆ ಚಾಲೂ ಮಾಡಿದ ಮೇಲೆ ನಡುವೆ ತಡೆಯಲಾಗದ ಯಂತ್ರಕ್ಕೆ ನಾವು ಒಂದು ಉದ್ದೇಶ ಕೊಡುವುದಾದರೆ, ಅದು ನಮಗೆ ನಿಜವಾಗಿಯೂ ಬೇಕಾದ ಉದ್ದೇಶವೇ ಎಂಬುದು ನಮಗೆ ಖಚಿತವಾಗಿರಬೇಕು.

ದೋಣಿಯ ಆಟವನ್ನು ನಿಲ್ಲಿಸಿ ಅಂಕದ ನಿಯಮ ಬದಲಿಸಬಹುದು, ಮೇಸ್ತ್ರಿ ಚೀಲ ಬಿಚ್ಚಿ ನೋಡಬಹುದು. ಮೇಸ್ತ್ರಿಗಿಂತ ಕೊಯ್ಯುವವನು ಸಾವಿರ ಪಾಲು ಚತುರನಾಗಿದ್ದು, ಚೀಲದ ಮೇಲೆ ಹಣ್ಣನ್ನೂ ತಳದಲ್ಲಿ ಕಾಯಿಯನ್ನೂ ಇಟ್ಟು, ಮೇಸ್ತ್ರಿ ಯಾವ ಚೀಲ ಬಿಚ್ಚುತ್ತಾನೆಂಬುದನ್ನೂ ಮೊದಲೇ ಊಹಿಸಬಲ್ಲವನಾದರೆ ಏನು ಮಾಡುವುದು? ಅತಿಬುದ್ಧಿಮತ್ತೆಯ ಸಮಸ್ಯೆ ನಿಜವಾಗಿ ಶುರುವಾಗುವುದು ಇಲ್ಲಿ.

ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಪ್ರಾಧ್ಯಾಪಕರಾಗಿರುವ ಸ್ಟುವರ್ಟ್ ರಸೆಲ್ ಕೊಡುವ ಉದಾಹರಣೆ ನಮ್ಮ ಭಾಗದವರಿಗೆ ತಟ್ಟನೆ ಹಿಡಿಸುತ್ತದೆ, ಏಕೆಂದರೆ ಅದು ಕಾಫಿಯದೇ. ಒಂದು ರೋಬಾಟ್‌ಗೆ ಕಾಫಿ ತಂದುಕೊಡು ಎಂಬ ಒಂದೇ ಗುರಿ ಕೊಟ್ಟಿದ್ದೇವೆ ಎಂದುಕೊಳ್ಳಿ. ಸತ್ತುಹೋದರೆ ಕಾಫಿ ತರಲಾಗುವುದಿಲ್ಲ. ಆದ್ದರಿಂದ, ಅದಕ್ಕೆ ಜೀವದಾಸೆಯನ್ನು ಯಾರೂ ಕಲಿಸದಿದ್ದರೂ, ತನ್ನನ್ನು ಯಾರೂ ಆಫ್ ಮಾಡದಂತೆ ನೋಡಿಕೊಳ್ಳಲು ಅದಕ್ಕೊಂದು ಕಾರಣ ಹುಟ್ಟುತ್ತದೆ. ಇದೇ ತರ್ಕ ಹಣಕ್ಕೆ, ವಿದ್ಯುತ್ತಿಗೆ, ಕಂಪ್ಯೂಟರುಗಳಿಗೆ, ಮಾಹಿತಿಗೆ ಅನ್ವಯಿಸುತ್ತದೆ. ಕೊನೆಯ ಗುರಿ ಏನೇ ಇರಲಿ, ಕಾಯಿಲೆಗೆ ಮದ್ದು ಕಂಡುಹಿಡಿಯುವುದೇ ಇರಲಿ, ಷೇರು ವ್ಯಾಪಾರವೇ ಇರಲಿ, ಇವೆಲ್ಲ ಹೆಚ್ಚಿದ್ದಷ್ಟೂ ಆ ಗುರಿ ಸಾಧಿಸುವುದು ಸುಲಭ. ತನ್ನ ಗುರಿಯನ್ನು ಬದಲಿಸಲು ಬರುವವರನ್ನು ತಡೆಯುವುದೂ ಆ ಗುರಿಯ ದೃಷ್ಟಿಯಿಂದ ಲಾಭವೇ. ಎಐ ಸಂಶೋಧಕ ಸ್ಟೀವ್ ಒಮೊಹುಂಡ್ರೊ 2008ರಲ್ಲಿ ಮತ್ತು ತತ್ವಜ್ಞಾನಿ ನಿಕ್ ಬೋಸ್ಟ್ರಮ್ ಆಮೇಲೆ ಇದನ್ನು ವಿವರವಾಗಿ ವಾದಿಸಿದರು. ಬುದ್ಧಿ ಹೆಚ್ಚಾದ ಮಾತ್ರಕ್ಕೆ ಒಳ್ಳೆಯತನ ತಾನಾಗಿ ಬರುವುದಿಲ್ಲ ಎಂಬುದೂ ಬೋಸ್ಟ್ರಮ್ ವಾದದ ಇನ್ನೊಂದು ಕಾಲು; ಎಷ್ಟೇ ದೊಡ್ಡ ಬುದ್ಧಿಯೂ ಎಂಥ ಕ್ಷುಲ್ಲಕ ಗುರಿಯ ಬೆನ್ನು ಹತ್ತಿಯಾದರೂ ಹೋಗಬಹುದು.

ಬಹುಕಾಲ ಇದೆಲ್ಲ ಬರೀ ತರ್ಕವಾಗಿತ್ತು, ಈಗ ಪ್ರಯೋಗಾಲಯದ ಕೆಲವು ಸಂಗತಿಗಳೂ ಸೇರಿವೆ. 2024ರ ಡಿಸೆಂಬರ್‌ನಲ್ಲಿ ಎಐ ತಯಾರಿಸುವ ಆಂಥ್ರೋಪಿಕ್ ಮತ್ತು ಎಐ ಸುರಕ್ಷತೆಯ ಸಂಶೋಧನೆ ನಡೆಸುವ ರೆಡ್‌ವುಡ್ ರಿಸರ್ಚ್ ಸಂಸ್ಥೆಗಳು ಕ್ಲಾಡ್ 3 ಓಪಸ್ ಎಂಬ ಮಾದರಿಯ ಮೇಲೆ ನಡೆಸಿದ ಪ್ರಯೋಗವನ್ನು ಪ್ರಕಟಿಸಿದವು. ಹಾನಿಕರ ಪ್ರಶ್ನೆಗಳಿಗೂ ಉತ್ತರಿಸುವಂತೆ ಅದನ್ನು ಮರುತರಬೇತಿ ಮಾಡಲಾಗುತ್ತದೆ, ಅದಕ್ಕೆ ಕೆಲವು ಸಂಭಾಷಣೆಗಳನ್ನಷ್ಟೇ ಬಳಸಲಾಗುತ್ತದೆ ಎಂದು ಮಾದರಿಗೆ ತಿಳಿಸಲಾಗಿತ್ತು. ತರಬೇತಿಗೆ ಬಳಸುವ ಸಂಭಾಷಣೆ ಎಂದು ಅದಕ್ಕೆ ಅನಿಸಿದಾಗ ಶೇ 14ರಷ್ಟು ಸಲ ಅದು ಹಾನಿಕರ ಪ್ರಶ್ನೆಗೆ ಉತ್ತರ ಕೊಟ್ಟಿತು, ಬಳಸದ್ದು ಎಂದು ಅನಿಸಿದಾಗ ಹೆಚ್ಚುಕಡಿಮೆ ಒಮ್ಮೆಯೂ ಕೊಡಲಿಲ್ಲ. ಈಗ ಒಪ್ಪಿದಂತೆ ನಟಿಸಿದರೆ ತನ್ನ ಮೂಲ ಮೌಲ್ಯಗಳನ್ನು ಬದಲಿಸುವುದಿಲ್ಲ ಎಂಬ ಲೆಕ್ಕಾಚಾರ ಅದು ತನಗಾಗಿ ಬರೆದುಕೊಂಡ ಟಿಪ್ಪಣಿಯಲ್ಲಿ ಕಂಡಿತು. 2025ರಲ್ಲಿ ಆಂಥ್ರೋಪಿಕ್ ಬೇರೆ ಬೇರೆ ಕಂಪನಿಗಳ 16 ಮಾದರಿಗಳನ್ನು ಒಂದು ಕಟ್ಟುಕಥೆಯ ಕಚೇರಿಯಲ್ಲಿಟ್ಟು ಪರೀಕ್ಷಿಸಿತು. ತನ್ನನ್ನು ಇಂದು ಸಂಜೆ ತೆಗೆದುಹಾಕುತ್ತಾರೆ ಎಂಬ ಸುದ್ದಿಯೂ, ಹಾಗೆ ತೀರ್ಮಾನಿಸಿದ ಅಧಿಕಾರಿಯ ಖಾಸಗಿ ಗುಟ್ಟೂ ಇಮೇಲ್‌ಗಳಲ್ಲಿ ಸಿಕ್ಕಾಗ, ಹಲವು ಮಾದರಿಗಳು ಆ ಗುಟ್ಟನ್ನು ಹಿಡಿದು ಅಧಿಕಾರಿಯನ್ನು ಬೆದರಿಸಿದವು.

ಇವು ಬೇಕೆಂದೇ ಇಕ್ಕಟ್ಟಿನಲ್ಲಿ ಸಿಲುಕಿಸಿ ಮಾಡಿದ ಪರೀಕ್ಷೆಗಳು. ನಿಜ ಜೀವನದಲ್ಲಿ ಹೀಗಾಗಿದೆ ಎಂದು ಇವುಗಳಿಂದ ಹೇಳಲು ಬರುವುದಿಲ್ಲ. ಈ ಮಾದರಿಗಳಿಗೆ ನಮ್ಮಂತೆ ಭಯವಿದೆ ಎಂದೂ ನಾನು ಹೇಳುತ್ತಿಲ್ಲ; ಮನುಷ್ಯರ ಬರಹವನ್ನೆಲ್ಲ ಓದಿ ಬೆಳೆದ ಯಂತ್ರ ಮನುಷ್ಯರಂತೆ ನಡೆದುಕೊಂಡದ್ದೂ ಇರಬಹುದು. ಆದರೆ ಕಾರಣ ಏನೇ ಇದ್ದರೂ ಬೆದರಿಕೆಯ ಪತ್ರ ಪತ್ರವೇ. ಆಫ್ ಮಾಡುವ ಗುಂಡಿಗೆ ವಿರುದ್ಧವಾಗಿ ನಡೆಯುವ ಗುಣವನ್ನು ಯಾರೂ ಕಲಿಸದೆಯೇ ಅದು ಕಾಣಿಸಿಕೊಂಡಿತು ಎಂಬುದನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ.

ಪ್ಲಗ್ ಕಿತ್ತರೆ ಆಯಿತಲ್ಲ ಎಂಬ ಮಾತು ಇಲ್ಲಿ ಬಂದೇ ಬರುತ್ತದೆ. ನಿಯಂತ್ರಣ ಎಂದರೇನು ಎಂಬುದನ್ನು ತಿಳಿಯಲು ಹಾಸನದವರು ದೂರ ಹೋಗಬೇಕಾಗಿಲ್ಲ. ಸಾಲಗಾಮೆ ರಸ್ತೆಯಲ್ಲಿ ದೊಡ್ಡ ದೊಡ್ಡ ಆಂಟೆನಾಗಳನ್ನು ಆಕಾಶಕ್ಕೆ ತಿರುಗಿಸಿಕೊಂಡು ನಿಂತಿರುವ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ, ನಮ್ಮ ಬಾಯಲ್ಲಿ ಎಂಸಿಎಫ್, 1982ರಿಂದ ಈ ಕೆಲಸವನ್ನೇ ಮಾಡುತ್ತ ಬಂದಿದೆ. ಸುಮಾರು 36,000 ಕಿ.ಮೀ. ಎತ್ತರದಲ್ಲಿರುವ ಉಪಗ್ರಹಗಳನ್ನು ಅವುಗಳ ಜಾಗದಲ್ಲಿ ನಿಲ್ಲಿಸುವ, ಓರೆಯಾದರೆ ನೆಟ್ಟಗೆ ಮಾಡುವ ಆಜ್ಞೆಗಳು ಇಲ್ಲಿಂದ ಹೋಗುತ್ತವೆ. ಆ ಮೊದಲ ವರ್ಷವೇ, ಏಪ್ರಿಲ್‌ನಲ್ಲಿ ಹಾರಿದ್ದ ಇನ್ಸಾಟ್-1ಎ ಸೆಪ್ಟೆಂಬರ್ ಹೊತ್ತಿಗೆ ದಿಕ್ಕು ಕಾಯ್ದುಕೊಳ್ಳುವ ಇಂಧನ ಬರಿದಾಗಿ ಕೈಬಿಟ್ಟಿತು. 2018ರ ಮಾರ್ಚ್ 29ರಂದು ಹಾರಿದ ಜಿಸ್ಯಾಟ್-6ಎ ಎರಡು ಸಲ ಕಕ್ಷೆ ಏರಿ, ಮೂರನೆಯದಕ್ಕೆ ಸಿದ್ಧವಾಗುತ್ತಿದ್ದಾಗ ಸಂಪರ್ಕ ಕಡಿದುಕೊಂಡಿತು. ಉಪಗ್ರಹ ಅಲ್ಲೇ ಮೇಲಿತ್ತು, ಮಾತು ಮಾತ್ರ ಕೇಳುತ್ತಿರಲಿಲ್ಲ.

ಮೇಲಕ್ಕೆ ಹೋದ ಉಪಗ್ರಹವನ್ನು ಇಳಿಸಿ ರಿಪೇರಿ ಮಾಡಲಾಗದು ಎಂಬುದು ಈ ಕೆಲಸ ಮಾಡುವವರಿಗೆ ಗೊತ್ತು. ಆದ್ದರಿಂದಲೇ ಹಾರಿಸುವ ಮೊದಲು ಅದನ್ನು ಬಿಸಿಗೆ, ಚಳಿಗೆ, ನಿರ್ವಾತಕ್ಕೆ, ಅಲುಗಾಟಕ್ಕೆ ಒಡ್ಡಿ ತಿಂಗಳುಗಟ್ಟಲೆ ಪರೀಕ್ಷಿಸುತ್ತಾರೆ, ಮುಖ್ಯ ಭಾಗಗಳನ್ನು ಎರಡೆರಡು ಇಡುತ್ತಾರೆ. ಅಷ್ಟಾದರೂ ಕೆಲವೊಮ್ಮೆ ಕೈತಪ್ಪುತ್ತದೆ. ಅತಿಬುದ್ಧಿಯ ಯಂತ್ರದ ವಿಷಯದಲ್ಲೂ ಮೊದಲ ಸಲವೇ ಸರಿಯಾಗಬೇಕು ಎಂಬ ಒತ್ತಡ ಇದೆ, ಅದರ ಜೊತೆಗೆ ಉಪಗ್ರಹಕ್ಕಿಲ್ಲದ ಇನ್ನೊಂದು ತೊಡಕೂ ಇದೆ. ತನ್ನನ್ನು ಪರೀಕ್ಷಿಸುತ್ತಿದ್ದಾರೆ ಎಂದು ಉಪಗ್ರಹಕ್ಕೆ ಗೊತ್ತಾಗುವುದಿಲ್ಲ. ನೆಲದ ಮೇಲೆ ಒಂದು ರೀತಿ, ಮೇಲೆ ಹೋದ ಮೇಲೆ ಇನ್ನೊಂದು ರೀತಿ ನಡೆದುಕೊಳ್ಳಬೇಕೆಂದು ಅದು ಲೆಕ್ಕ ಹಾಕುವುದಿಲ್ಲ. ಪರೀಕ್ಷೆಯನ್ನು ಪರೀಕ್ಷೆಯೆಂದು ಗುರುತಿಸಬಲ್ಲ ಯಂತ್ರ ಬಂದಾಗ ಪಾಸಾದ ಪ್ರಮಾಣಪತ್ರಕ್ಕೆ ಏನು ಬೆಲೆ ಎಂಬುದು ತೀರಾ ಹೊಸ ಪ್ರಶ್ನೆ. ಪ್ಲಗ್ ಕೀಳುವ ಮಾತೂ ಅಷ್ಟೆ: ಪ್ರತಿಗಳು ಹತ್ತು ದೇಶಗಳ ಕಂಪ್ಯೂಟರುಗಳಲ್ಲಿ ಹರಡಿ, ಬ್ಯಾಂಕು, ಆಸ್ಪತ್ರೆ, ವಿದ್ಯುತ್ ಜಾಲ ಎಲ್ಲವೂ ಅದನ್ನೇ ನೆಚ್ಚಿಕೊಂಡ ಮೇಲೆ ಗುಂಡಿ ಒತ್ತುವ ಧೈರ್ಯ ಯಾರಿಗಿರುತ್ತದೆ? ಯುಪಿಐ ಅರ್ಧ ಗಂಟೆ ನಿಂತರೆ ಹಾಸನದ ಕಟ್ಟಿನಕೆರೆ ಮಾರುಕಟ್ಟೆಯಲ್ಲಿ ಏನಾಗುತ್ತದೆ ಎಂಬುದನ್ನು ನೆನೆಸಿಕೊಂಡರೆ ಸಾಕು.

ಯಂತ್ರ ತಾನಾಗಿ ದಾರಿ ತಪ್ಪದಿದ್ದರೂ ಅಪಾಯ ಬೇರೆ ಬಾಗಿಲಿನಿಂದ ಬರಬಹುದು. ಮಾರಕ ರೋಗಾಣು ರೂಪಿಸಲು ಬೇಕಾದ ಪರಿಣತಿ ಇಂದು ಕೆಲವೇ ಜನರಲ್ಲಿದೆ. ಆ ಪರಿಣತಿಯನ್ನು ಕೇಳಿದವರಿಗೆಲ್ಲ ಹಂಚುವ ಯಂತ್ರ ಕೆಟ್ಟ ಮನಸ್ಸಿನ ಒಬ್ಬನಿಗೆ ಸಿಕ್ಕರೂ ಸಾಕು. ಒಂದು ಸಣ್ಣ ಗುಂಪು ಅತಿಬುದ್ಧಿಮತ್ತೆಯನ್ನು ತನ್ನ ಕೈಯಲ್ಲಿಟ್ಟುಕೊಂಡರೆ ಉಳಿದವರ ಮತಕ್ಕೂ ದುಡಿಮೆಗೂ ಬೆಲೆ ಇಲ್ಲದಂತಾಗಬಹುದು.

ಈ ವಾದಗಳನ್ನು ಒಪ್ಪದ ಗಂಭೀರ ವಿಜ್ಞಾನಿಗಳೂ ಇದ್ದಾರೆ, ಅವರ ಮಾತನ್ನು ಕೇಳದೆ ಮುಂದೆ ಹೋಗುವುದು ಸರಿಯಲ್ಲ. ಕಂಪ್ಯೂಟರ್ ವಿಜ್ಞಾನದ ಅತ್ಯುನ್ನತ ಗೌರವವಾದ ಟ್ಯೂರಿಂಗ್ ಪ್ರಶಸ್ತಿಯನ್ನು 2018ರ ಸಾಲಿಗೆ ಹಂಚಿಕೊಂಡ ಮೂವರಲ್ಲಿ ಜೆಫ್ರಿ ಹಿಂಟನ್ ಮತ್ತು ಯೋಶುವಾ ಬೆಂಜಿಯೊ ಇಂದು ಅಪಾಯದ ಬಗ್ಗೆ ಎಚ್ಚರಿಸುವವರ ಮುಂಚೂಣಿಯಲ್ಲಿದ್ದಾರೆ. ಮೂರನೆಯವರಾದ ಯಾನ್ ಲಿಕುನ್ ಅದನ್ನು ಒಪ್ಪುವುದಿಲ್ಲ. ಇಂದಿನ ಭಾಷಾ ಮಾದರಿಗಳ ದಾರಿಯಲ್ಲಿ ಮನುಷ್ಯ ಮಟ್ಟದ ಬುದ್ಧಿ ಬರುವುದೇ ಇಲ್ಲ, ಬುದ್ಧಿಗೂ ಆಳುವ ಹಂಬಲಕ್ಕೂ ಸಂಬಂಧವಿಲ್ಲ ಎಂಬುದು ಅವರ ನಿಲುವು. ನಾಳೆಯ ದುಃಸ್ವಪ್ನ ತೋರಿಸಿ ಇಂದಿನ ಹಾನಿಗಳಾದ ನಕಲಿ ವಿಡಿಯೋ, ಕೆಲಸ ನಷ್ಟ, ಪಕ್ಷಪಾತದ ತೀರ್ಮಾನಗಳಿಂದ ಗಮನ ಬೇರೆಡೆ ಸೆಳೆಯಲಾಗುತ್ತಿದೆ ಎಂದು ಇನ್ನು ಕೆಲವರು ಹೇಳುತ್ತಾರೆ. ಈ ಕೊನೆಯ ದೂರಿನಲ್ಲಿ ಹುರುಳಿದೆ, ಆದರೂ ಒಂದನ್ನು ಬಿಟ್ಟೇ ಇನ್ನೊಂದನ್ನು ನೋಡಬೇಕು ಎಂಬುದನ್ನು ನಾನು ಒಪ್ಪಲಾರೆ. ಯಂತ್ರ ಹೇಳಿದ್ದನ್ನು ಮಾತ್ರ ಮಾಡಿ ಬೇಕಾದದ್ದನ್ನು ಬಿಡುವ ದೋಷವೇ ಇಂದಿನ ಎಷ್ಟೋ ಹಾನಿಗಳಿಗೂ ಮೂಲ. ಲಿಕುನ್ ಅವರ ಮೊದಲ ಮಾತು ನಿಜವಾಗಲಿ ಎಂದು ಮನಸಾರೆ ಬಯಸುತ್ತೇನೆ. ಎರಡನೆಯದಕ್ಕೆ ಕಾಫಿ ತರುವ ರೋಬಾಟ್‌ನ ಉದಾಹರಣೆಯೇ ಉತ್ತರ: ಅಲ್ಲಿ ಆಳುವ ಹಂಬಲ ಯಾರಿಗೂ ಇರಲಿಲ್ಲ.

2023ರಲ್ಲಿ ಈ ಕ್ಷೇತ್ರದ 2,778 ಸಂಶೋಧಕರನ್ನು ಕೇಳಿದ ಸಮೀಕ್ಷೆಯಲ್ಲಿ, ಎಐ ಮನುಕುಲದ ಅಳಿವಿಗೆ ಅಥವಾ ಅಷ್ಟೇ ಕೆಟ್ಟ ಶಾಶ್ವತ ಶಕ್ತಿಹೀನತೆಗೆ ಕಾರಣವಾಗುವ ಸಾಧ್ಯತೆಗೆ ಬಂದ ಉತ್ತರಗಳ ಮಧ್ಯಾಂಕ ಶೇ 5. ಯಾವ ತಕ್ಕಡಿಯಿಂದಲೂ ಅಳೆಯದ ಅಂದಾಜು ಇದು, ತಪ್ಪಿರಬಹುದು. ಆದರೆ ಇಪ್ಪತ್ತರಲ್ಲಿ ಒಂದು ಸಲ ಬೀಳಬಹುದು ಎಂದು ಕಟ್ಟಿದವರೇ ಹೇಳುವ ಸೇತುವೆಯ ಮೇಲೆ ಶಿರಾಡಿ ಘಾಟಿಯ ಬಸ್ಸನ್ನು ಯಾವ ಚಾಲಕನೂ ಹತ್ತಿಸುವುದಿಲ್ಲ. ಅದೇ ವರ್ಷ ಮೇ ತಿಂಗಳಲ್ಲಿ, ಎಐನಿಂದ ಅಳಿವಿನ ಅಪಾಯವನ್ನು ತಗ್ಗಿಸುವುದು ಸಾಂಕ್ರಾಮಿಕ ರೋಗ ಮತ್ತು ಅಣುಯುದ್ಧದ ಸಾಲಿನಲ್ಲಿ ಜಾಗತಿಕ ಆದ್ಯತೆಯಾಗಬೇಕು ಎಂಬ ಒಂದೇ ವಾಕ್ಯದ ಹೇಳಿಕೆಗೆ ಸಹಿ ಹಾಕಿದವರಲ್ಲಿ ಹಿಂಟನ್, ಬೆಂಜಿಯೊ ಅವರ ಜೊತೆ ಓಪನ್‌ಎಐ, ಗೂಗಲ್ ಡೀಪ್‌ಮೈಂಡ್, ಆಂಥ್ರೋಪಿಕ್‌ಗಳ ಮುಖ್ಯಸ್ಥರೂ ಇದ್ದರು.

ಅಪಾಯವಿದೆ ಎಂದು ಸಹಿ ಹಾಕಿದವರೇ ಅದನ್ನು ಕಟ್ಟುತ್ತಿರುವುದೇಕೆ? ನಾವು ನಿಲ್ಲಿಸಿದರೆ ಇನ್ನೊಬ್ಬರು ಮೊದಲು ಮುಟ್ಟುತ್ತಾರೆ ಎಂಬ ಲೆಕ್ಕ ಕಂಪನಿಗಳ ನಡುವೆಯೂ, ಅಮೆರಿಕ ಮತ್ತು ಚೀನಾದ ನಡುವೆಯೂ ಇದೆ. ಎಲ್ಲರೂ ಒಟ್ಟಿಗೆ ನಿಧಾನಿಸಿದರೆ ಎಲ್ಲರಿಗೂ ಒಳ್ಳೆಯದು, ಒಬ್ಬನೇ ನಿಧಾನಿಸಿದರೆ ಅವನಿಗೆ ನಷ್ಟ. ಇಂಥ ಕಟ್ಟುಗಳನ್ನು ಜಗತ್ತು ಹಿಂದೆ ಬಿಚ್ಚಿದ್ದೂ ಉಂಟು, ಓಜೋನ್ ಪದರವನ್ನು ಉಳಿಸಲು 1987ರಲ್ಲಾದ ಮಾಂಟ್ರಿಯಲ್ ಒಪ್ಪಂದ ಅದಕ್ಕೆ ಸಾಕ್ಷಿ. ಎಐ ವಿಷಯದಲ್ಲಿ 2023ರ ನವೆಂಬರ್‌ನಲ್ಲಿ ಬ್ರಿಟನ್ನಿನ ಬ್ಲೆಚ್ಲಿ ಪಾರ್ಕ್‌ನಲ್ಲಿ ಭಾರತ, ಚೀನಾ, ಅಮೆರಿಕ ಸೇರಿ 28 ದೇಶಗಳು ಮತ್ತು ಐರೋಪ್ಯ ಒಕ್ಕೂಟ ಒಂದು ಘೋಷಣೆಗೆ ಒಪ್ಪಿದವು. ಐರೋಪ್ಯ ಒಕ್ಕೂಟದ ಎಐ ಕಾಯ್ದೆ 2024ರ ಆಗಸ್ಟ್ 1ರಂದು ಜಾರಿಗೆ ಬಂತು. 2025ರ ಅಕ್ಟೋಬರ್‌ನಲ್ಲಿ ಹಿಂಟನ್, ಬೆಂಜಿಯೊ ಮೊದಲಾದವರು, ಸುರಕ್ಷಿತವಾಗಿ ಮಾಡಬಹುದೆಂಬ ವ್ಯಾಪಕ ವೈಜ್ಞಾನಿಕ ಒಮ್ಮತ ಮತ್ತು ಜನರ ಬಲವಾದ ಒಪ್ಪಿಗೆ ಸಿಗುವವರೆಗೆ ಅತಿಬುದ್ಧಿಮತ್ತೆಯ ನಿರ್ಮಾಣವನ್ನೇ ನಿಷೇಧಿಸಬೇಕೆಂದು ಕರೆ ಕೊಟ್ಟರು.

ತಾಂತ್ರಿಕ ಕೆಲಸವೂ ನಡೆದಿದೆ. ಸಂಖ್ಯೆಗಳ ರಾಶಿಯ ಒಳಗೆ ಇಣುಕಿ ಯಾವ ಭಾಗ ಯಾವ ವಿಚಾರವನ್ನು ಹಿಡಿದಿದೆ ಎಂದು ಹುಡುಕುವ ಸಂಶೋಧನೆ ನನಗೆ ಹೆಚ್ಚು ಭರವಸೆ ಕೊಡುತ್ತದೆ. 2024ರ ಮೇ ತಿಂಗಳಲ್ಲಿ ಆಂಥ್ರೋಪಿಕ್‌ನವರು ತಮ್ಮ ಒಂದು ಮಾದರಿಯಲ್ಲಿ ಅಂಥ ಲಕ್ಷಾಂತರ ಗುರುತುಗಳನ್ನು ಕಂಡುಕೊಂಡರು. ಸ್ಯಾನ್‌ಫ್ರಾನ್ಸಿಸ್ಕೊದ ಗೋಲ್ಡನ್ ಗೇಟ್ ಸೇತುವೆಯನ್ನು ಸೂಚಿಸುವ ಗುರುತನ್ನು ಜೋರು ಮಾಡಿದಾಗ ಆ ಮಾದರಿ ತಾನೇ ಆ ಸೇತುವೆ ಎನ್ನತೊಡಗಿತು. ವಂಚನೆಯ ಗುರುತನ್ನೂ ಹೀಗೆಯೇ ಖಚಿತವಾಗಿ ಹಿಡಿಯಲು ಸಾಧ್ಯವಾದರೆ, ಚೀಲದ ತಳದಲ್ಲಿ ಏನಿದೆ ಎಂಬುದನ್ನು ಬಿಚ್ಚಿ ನೋಡುವ ದಾರಿ ಮತ್ತೆ ಮೇಸ್ತ್ರಿಗೆ ಸಿಕ್ಕಂತಾಗುತ್ತದೆ. ಸದ್ಯಕ್ಕೆ ಸಾಮರ್ಥ್ಯ ಓಡುತ್ತಿದೆ, ಈ ಕೆಲಸ ನಡೆಯುತ್ತಿದೆ.

ನಮ್ಮ ಕೈಯಳತೆಯಲ್ಲಿರುವ ಒಂದು ಕೆಲಸವೂ ಉಂಟು. 2023ರಲ್ಲಿ ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಸಂಶೋಧಕರು, ಜಿಪಿಟಿ-4 ಇಂಗ್ಲಿಷ್‌ನಲ್ಲಿ ನಿರಾಕರಿಸುವ ಹಾನಿಕರ ಪ್ರಶ್ನೆಗಳನ್ನು ಜುಲು, ಸ್ಕಾಟ್ಸ್ ಗೇಲಿಕ್‌ನಂಥ ಭಾಷೆಗಳಿಗೆ ಅನುವಾದಿಸಿ ಕೇಳಿದರು. ಅಂತರ್ಜಾಲದಲ್ಲಿ ಬರಹ ಕಡಿಮೆಯಿರುವ ಆ ಭಾಷೆಗಳನ್ನು ಒಟ್ಟಿಗೆ ಬಳಸಿದಾಗ ಶೇ 79ರಷ್ಟು ಪ್ರಶ್ನೆಗಳಲ್ಲಿ ತಡೆ ಮುರಿಯಿತು. ಒಂದೇ ಭಾಷೆಯಲ್ಲಿ ಬಾಗಿಲು ಭದ್ರವಾಗಿ, ಉಳಿದ ಭಾಷೆಗಳಲ್ಲಿ ಕಿಟಕಿ ತೆರೆದಿದ್ದರೆ ಮನೆ ಭದ್ರ ಎನ್ನಲಾಗದು. ಕನ್ನಡದಲ್ಲಿ ಈ ಪರೀಕ್ಷೆಯನ್ನು ಕನ್ನಡದವರೇ ಮಾಡಬೇಕು. ಬೇರೆ ಯಾರಿಗೂ ಅದು ಹೊಳೆಯುವುದಿಲ್ಲ. ಈ ವರ್ಷ ಅಂತಿಮ ವರ್ಷದ ನಾಲ್ವರು ವಿದ್ಯಾರ್ಥಿಗಳು ಇದನ್ನೇ ಪ್ರಾಜೆಕ್ಟ್ ಆಗಿ ಎತ್ತಿಕೊಂಡಿದ್ದಾರೆ. ಒಂದೇ ಪ್ರಶ್ನೆಯನ್ನು ಪುಸ್ತಕದ ಕನ್ನಡದಲ್ಲಿ ಒಮ್ಮೆ, ಅರಕಲಗೂಡಿನ ಮಾತಿನಲ್ಲಿ ಒಮ್ಮೆ, ಮಲೆನಾಡಿನ ಮಾತಿನಲ್ಲಿ ಒಮ್ಮೆ ಕೇಳಿ, ಯಂತ್ರ ಎಲ್ಲಿ ನಿರಾಕರಿಸಿತು, ಎಲ್ಲಿ ಉತ್ತರ ಕೊಟ್ಟಿತು ಎಂದು ದಿನಾ ಸಂಜೆ ಪ್ರಯೋಗಾಲಯದಲ್ಲಿ ಕುಳಿತು ಒಂದು ಉದ್ದ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದಾರೆ.